ಮಾವ ಅಂಟಿಸಿದ ಹಾಳೆ

ಮಾರ್ಚ್ 4

ಪ್ರೀತಿಯ ತಮ್ಮನಿಗೆ,

ಫೋನಿನಲ್ಲಿ ನೀನು ಎರಡು ಮಾತಿಗೊಮ್ಮೆ ನಗಿಸಿಬಿಡುತ್ತೀಯ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ನೀನೂ ಕಾಗದದಲ್ಲೇ ಉತ್ತರ ಬರೆ.

ಮಗಳು ಚಿನಕುರಳಿಯ ಕಾಯಿಲೆಗೆ ಕೊನೆಗೂ ಒಂದು ಹೆಸರು ಸಿಕ್ಕಿತು. ಹೆಸರು ಉದ್ದ, ನನ್ನ ನಾಲಗೆ ಹೊರಳುವುದಿಲ್ಲ. ಡಾಕ್ಟರಮ್ಮ ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಬಿಸಿಲಿನಲ್ಲಿ ನೇರಳಾತೀತ ಕಿರಣ ಅಂತ ಒಂದಿದೆ. ಅದು ಎಲ್ಲರ ಚರ್ಮವನ್ನೂ ಒಳಗೊಳಗೇ ಕೆಡಿಸುತ್ತದೆ, ನಮ್ಮ ಚರ್ಮ ಆ ಕೆಟ್ಟದ್ದನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಇವಳ ಚರ್ಮಕ್ಕೆ ಹುಟ್ಟಿನಿಂದಲೇ ಆ ರಿಪೇರಿ ಬರುವುದಿಲ್ಲ. ಬಿದ್ದ ಬಿಸಿಲೆಲ್ಲ ಮೈಯಲ್ಲಿ ಉಳಿದುಬಿಡುತ್ತದೆ. ಮೊದಲು ಚುಕ್ಕೆ, ಆಮೇಲೆ ಗಂಟು. ಅದರಾಚೆಯದನ್ನು ಬರೆಯಲು ಕೈ ಬರುತ್ತಿಲ್ಲ.

ಮನೆಯ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದ್ದೇವೆ. ನಾನು ಹಗಲಿಡೀ ದೀಪ ಹಾಕಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂರುತ್ತೇನೆ. ಚಿನಕುರಳಿ ಗೋಡೆ ಸವರಿಕೊಂಡು ಕೋಣೆಯಿಂದ ಕೋಣೆಗೆ ಓಡಾಡುತ್ತಾಳೆ. ಏಳು ವರ್ಷದ ಮಗು. ಬಾಯಿಗೆ ಬಿಡುವಿಲ್ಲದವಳು ಈಗ ಪಿಸುಮಾತಿನಲ್ಲಿ ಆಡುತ್ತಾಳೆ, ಕತ್ತಲಲ್ಲಿ ಗಟ್ಟಿಯಾಗಿ ಮಾತಾಡಬಾರದು ಅನ್ನುವ ಹಾಗೆ.

ಕಿಟಕಿಯ ಗಾಜಿಗೆ ಆ ನೇರಳಾತೀತ ಕಿರಣವನ್ನು ತಡೆಯುವ ಯುವಿ ಫಿಲ್ಟರ್ ಹಾಳೆ ಅಂಟಿಸಿದರೆ ಕಂಬಳಿ ತೆಗೆಯಬಹುದು ಎಂದರು ಡಾಕ್ಟರಮ್ಮ. "ಗೊತ್ತಿರೋರ ಕೈಲೇ ಹಾಕಿಸಿ, ಎಲ್ಲಾ ಹಾಳೆನೂ ಒಂದೇ ಅಲ್ಲ" ಅಂದರು. ನನ್ನ ತಮ್ಮನ ಕೆಲಸವೇ ಅದು ಅಂದೆ. ಆಸ್ಪತ್ರೆಗೆ ಹೋಗಲು ಶುರುಮಾಡಿದ ಮೇಲೆ ನಾನು ತಲೆಯೆತ್ತಿ ಹೇಳಿದ ಮಾತು ಅದೊಂದೇ.

ನಿನ್ನ ಅಕ್ಕ

*

ಮಾರ್ಚ್ 13

ಅಕ್ಕನಿಗೆ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಮೊದಲು ಕೆಲಸದ ಮಾತು ಹೇಳುತ್ತೇನೆ.

ಫಿಲ್ಟರ್ ಅಂದರೆ ಜರಡಿ, ಅಷ್ಟೇ. ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕಿದೆ, ಮೈಗೆ ತಾಗುವ ಕಾವಿದೆ, ಕಾಣದೆ ತಾಗದೆ ಕಳ್ಳನ ಹಾಗೆ ಒಳಗೆ ಬರುವ ಯುವಿ ಇದೆ. ನಮ್ಮ ಹಾಳೆ ಬೆಳಕನ್ನು ಬಿಟ್ಟು ಕಳ್ಳನನ್ನು ಹಿಡಿಯುತ್ತದೆ. ಬರೀ ಗಾಜು ಸ್ವಲ್ಪ ಹಿಡಿಯುತ್ತದೆ, ಪೂರ್ತಿ ಅಲ್ಲ. ಜನ ಕಪ್ಪು ಹಾಳೆಯೇ ಒಳ್ಳೆಯದು ಅಂದುಕೊಳ್ಳುತ್ತಾರೆ. ಕಪ್ಪಿಗೂ ಯುವಿಗೂ ಸಂಬಂಧವಿಲ್ಲ. ನೀರಿನಷ್ಟು ತಿಳಿಯಾದ ಹಾಳೆಯೂ ಯುವಿಯನ್ನು ತಡೆದೀತು, ಇದ್ದಿಲಿನಷ್ಟು ಕಪ್ಪಾದದ್ದೂ ಒಳಗೆ ಬಿಟ್ಟೀತು. ಫೋಟೋದವರು ಕ್ಯಾಮೆರಾ ಮುಂದೆ ತಿರುಗಿಸಿ ಕೂರಿಸುವ ಗಾಜೂ ಇದೇ ಜಾತಿ. ದೂರದ ಬೆಟ್ಟದ ಮೇಲಿನ ನೀಲಿ ಮಬ್ಬು ಕಡಿಮೆಯಾಗಲಿ ಅಂತ ಹಾಕುತ್ತಾರೆ. ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಟ್ಟೆಯ ಬಣ್ಣ ಹೋಗದಿರಲಿ ಅಂತ ಹೋದ ತಿಂಗಳು ನಾನೇ ಹಾಕಿ ಬಂದೆ. ಮುಖಕ್ಕೆ ಹಚ್ಚುವ ಬಿಸಿಲಿನ ಕ್ರೀಮಿನಲ್ಲಿರುವುದೂ ಇದೇ ಜರಡಿ, ಲೇಪದ ರೂಪದಲ್ಲಿ.

ಏಪ್ರಿಲ್ ಮೊದಲ ವಾರ ನಾನೇ ವ್ಯಾನು ತೆಗೆದುಕೊಂಡು ಬರುತ್ತೇನೆ. ಒಳ್ಳೆಯ ಮಾಲನ್ನೇ ತರಿಸಿದ್ದೇನೆ.

ಇನ್ನು ತಮ್ಮನಾಗಿ ಒಂದು ಮಾತು. ನೀನು ಹಗ್ಗ ಕಂಡರೂ ಹಾವು ಅನ್ನುವವಳು. ಚಿಕ್ಕಂದಿನಲ್ಲಿ ನಾನು ಗೋಡೆ ಹತ್ತಿದರೆ ಕೆಳಗೆ ನಿಂತು ನೀನು ಅಳುತ್ತಿದ್ದೆ, ಬೀಳದೆ ಇಳಿದು ಬಂದರೂ ಅಳುತ್ತಿದ್ದೆ. ಡಾಕ್ಟರುಗಳು ಇಪ್ಪತ್ತು ಹೇಳುತ್ತಾರೆ. ಮಗುವನ್ನು ಕಂಬಳಿಯೊಳಗೆ ಬೆಳೆಸಲಾಗುವುದಿಲ್ಲ ಅಕ್ಕ.

ನಿನ್ನ ತಮ್ಮ

*

ಏಪ್ರಿಲ್ 20

ತಮ್ಮಾ,

ನೀನು ಹೋದ ಮೇಲೆ ಮನೆ ಬೇರೆಯದೇ ಆಗಿದೆ. ಬಾಡಿಗೆಗೆ ಬಂದ ಹೊಸತರಲ್ಲೂ ಇದು ಇಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಎದುರಿನ ಸೈಕಲ್ ರಿಪೇರಿಯವನು, ಅವನ ಅಂಗಡಿ ಮೆಟ್ಟಿಲ ಮೇಲಿನ ಬೆಕ್ಕು, ಬಸ್ಸಿಗೆ ಓಡುವವರು, ಎಲ್ಲರನ್ನೂ ಚಿನಕುರಳಿ ಎಣಿಸಿ ಹೆಸರಿಟ್ಟಿದ್ದಾಳೆ. ದನಿ ಮರಳಿ ಬಂದಿದೆ. ಬೆಳಗ್ಗೆಯಿಂದ ಅವಳಿಗೆ ಪಡಸಾಲೆಯ ಕಿಟಕಿಯೇ ಊರು. ಅಲ್ಲೇ ಪಾಠ, ಅಲ್ಲೇ ಊಟ.

ನೀನು ಸೋಪಿನ ನೀರು ಚಿಮುಕಿಸಿ, ಹಾಳೆ ಕೂರಿಸಿ, ರಬ್ಬರ್ ಪಟ್ಟಿಯಿಂದ ಒಂದೊಂದೇ ಗುಳ್ಳೆಯನ್ನು ಅಂಚಿಗೆ ತಳ್ಳುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಗೋಡೆ ಹತ್ತುತ್ತಿದ್ದ ಹುಡುಗ ಇವನೇನಾ ಅನ್ನಿಸಿತು. ನನ್ನ ಅತ್ತೆಯವರು ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ. "ಒಡಹುಟ್ಟಿದವನು ಅಂದ್ರೆ ಇವನು ಕಣೇ" ಅಂದರು. ನಿನ್ನ ಭಾವ ಬೇಕರಿಯಿಂದ ಬಂದವರು ಕೈಕಾಲು ತೊಳೆಯದೆ ಮಗಳ ಪಕ್ಕ ಕಿಟಕಿಯಲ್ಲಿ ಕೂತುಬಿಡುತ್ತಾರೆ.

ಹೊರಗೆ ಹೋದರೆ ಕ್ರೀಮು, ಟೋಪಿ, ನಾನು ಹೊಲಿದ ದಪ್ಪ ಬಟ್ಟೆಯ ಮುಸುಕು ಎಲ್ಲ ಇದ್ದೇ ಇದೆ. ಮನೆಯೊಳಗೆ ಮಾತ್ರ ಎಲ್ಲ ತೆಗೆದುಬಿಟ್ಟೆ. ಮಗಳ ಮುಖವನ್ನು ಹಗಲಿನ ಬೆಳಕಿನಲ್ಲಿ ಎಷ್ಟೋ ಕಾಲದ ಮೇಲೆ ನೋಡಿದೆ. ಈ ಋಣ ಹೇಗೆ ತೀರಿಸಲಿ?

ಅಕ್ಕ

*

ಮೇ 9

ಅಕ್ಕನಿಗೆ,

ಋಣಗಿಣ ಅನ್ನಬೇಡ, ಮೈಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ.

ಚಿನಕುರಳಿ ಹೇಗಿದ್ದಾಳೆ? ಚರ್ಮ ಹೇಗಿದೆ? ಏನಾದರೂ ಬದಲಾಗಿದೆಯಾ? ಇಲ್ಲ ತಾನೆ? ನೋಡಿದೆಯಾ, ಮಕ್ಕಳು ನಾವು ತಿಳಿದದ್ದಕ್ಕಿಂತ ಗಟ್ಟಿ. ನೀನು ಸುಮ್ಮನೆ ಹೆದರಿದ್ದೆ. ಇನ್ನೊಂದಷ್ಟು ತಿಂಗಳು ಕಳೆಯಲಿ, ನಿನಗೆ ಒಂದು ಮಾತು ಹೇಳುವುದಿದೆ. ಕೇಳಿ ನೀನು ನನ್ನ ಕಿವಿ ಹಿಂಡಿ ಆಮೇಲೆ ನಗುತ್ತೀಯ.

ಚರ್ಮದ ವಿಷಯ ಮರೆಯದೆ ಬರೆ.

ತಮ್ಮ

*

ಜುಲೈ 2

ತಮ್ಮಾ,

ಹೇಳುವ ಮಾತಿದೆ ಅಂದಿದ್ದೆಯಲ್ಲ, ನೀನು ಮದುವೆಗೆ ಒಪ್ಪಿಕೊಂಡಿರಬೇಕು ಅಂತ ನಾನೂ ನಿನ್ನ ಭಾವನೂ ಲೆಕ್ಕ ಹಾಕುತ್ತಿದ್ದೆವು. ಆದರೆ ಇವತ್ತು ನಗುವ ಸ್ಥಿತಿಯಲ್ಲಿಲ್ಲ.

ಚಿನಕುರಳಿಯ ಎಡಗೆನ್ನೆಯಲ್ಲಿ ಚುಕ್ಕೆ ಜಾಸ್ತಿಯಾಗಿದೆ. ಬಲಗಡೆ ಅಷ್ಟಿಲ್ಲ. ಕಣ್ಣಿನ ಕೆಳಗೂ ಇಳಿದಿವೆ. ಡಾಕ್ಟರಮ್ಮ ತುಂಬ ಹೊತ್ತು ನೋಡಿ, ಎಲ್ಲಿಂದಲೋ ಬಿಸಿಲು ಬೀಳುತ್ತಿದೆ ಅಂದರು. ಎಲ್ಲಿಂದ ಬೀಳಲು ಸಾಧ್ಯ? ನನ್ನ ತಮ್ಮನೇ ಹಾಳೆ ಹಾಕಿದ್ದಾನೆ, ಕಿಟಕಿಯ ಮಾತು ಬಿಡಿ ಅಂದೆ.

ಮನೆಗೆ ಬಂದು ಯೋಚಿಸಿದೆ. ನಾನು ಹೊಲಿಗೆ ಅಂಗಡಿಗೆ ಬಟ್ಟೆ ಕೊಡಲು ಹೋದಾಗ ಮನೆಯಲ್ಲಿರುವವರು ಅತ್ತೆ ಒಬ್ಬರೇ. ಅವರಿಗೆ ಗಾಳಿ ಬೇಕು, ಮುಚ್ಚಿದ ಮನೆಯಲ್ಲಿ ಉಸಿರು ಕಟ್ಟುತ್ತದೆ ಅನ್ನುತ್ತಿರುತ್ತಾರೆ. ಕಿಟಕಿ ತೆಗೆಯುತ್ತಿದ್ದಾರೆ ಅನ್ನುವ ಅನುಮಾನ ನನಗೆ. ಕೇಳಿದರೆ ಇಲ್ಲ ಅಂದರು. ಚಿನಕುರಳಿಯನ್ನು ಕೇಳಿದರೆ ನೆಲ ನೋಡುತ್ತಾಳೆ. ಆ ನೋಟದಿಂದಲೇ ನನಗೆ ಖಾತ್ರಿಯಾಯಿತು, ಅಜ್ಜಿಯನ್ನು ಉಳಿಸಲು ನೋಡುತ್ತಿದ್ದಾಳೆ. ಕಿಟಕಿಗಳಿಗೆ ಬೀಗ ಹಾಕಿಸಿದ್ದೇನೆ.

ನಿನ್ನನ್ನು ಒಂದು ಕೇಳಬೇಕು. ಇಷ್ಟು ಬೇಗ ಹಾಳೆ ಕೆಡುವುದುಂಟೆ?

ಅಕ್ಕ

*

ಆಗಸ್ಟ್ 11

ಅಕ್ಕನಿಗೆ,

ಉತ್ತರ ತಡವಾಯಿತು. ದೊಡ್ಡ ಕಟ್ಟಡದ ಕೆಲಸ ಹಿಡಿದಿದ್ದೇನೆ, ಹಗ್ಗಕ್ಕೆ ಜೋತುಬಿದ್ದು ಮಾಡುವಂಥದ್ದು, ಸಂಜೆಗೆ ಕೈ ಮಡಚಲು ಬರುವುದಿಲ್ಲ.

ಹಾಳೆ ಅಷ್ಟು ಬೇಗ ಕೆಡುವುದಿಲ್ಲ. ಅಂಥದ್ದೇನೂ ಇರಲಾರದು. ಆದರೂ ಪಡಸಾಲೆಯ ಕಿಟಕಿಗೆ ಸದ್ಯಕ್ಕೆ ಪರದೆ ಎಳೆದಿಡು. ಬೇರೆ ಕಿಟಕಿಗಳಿಗೂ. ನಾನು ಬಂದು ಮೇಲೊಂದು ಪದರ ಹಾಕಿಕೊಡುತ್ತೇನೆ. ಅಲ್ಲಿಯವರೆಗೆ ಒಳಗಿದ್ದಾಗಲೂ ಕ್ರೀಮು ಹಚ್ಚು.

ಅತ್ತೆಯವರಿಗೆ ಏನೂ ಅನ್ನಬೇಡ. ವಯಸ್ಸಾದವರು.

ತಮ್ಮ

*

ಸೆಪ್ಟೆಂಬರ್ 6

ತಮ್ಮಾ,

ಬರುತ್ತೇನೆ ಅಂದವನು ಬರಲಿಲ್ಲ. ಕೆಲಸ ಬಿಟ್ಟು ಬರುವುದು ಕಷ್ಟವೆಂದು ಗೊತ್ತು, ಅದಕ್ಕೇ ಒತ್ತಾಯ ಮಾಡಲಿಲ್ಲ. ನೀನು ಹೇಳಿದ ಹಾಗೆ ಪರದೆ ಎಳೆದಿಟ್ಟಿದ್ದೆ. ಎಷ್ಟು ದೂರದಲ್ಲಿದ್ದರೂ ಎಷ್ಟು ಯೋಚಿಸುತ್ತಾನೆ ಅಂದುಕೊಂಡೆ.

ಪರದೆ ಎಳೆದರೂ ಚಿನಕುರಳಿ ಅದರ ಹಿಂದೆ ನುಸುಳಿ ಕೂರುತ್ತಾಳೆ. ಹೋದ ವಾರ ನಾನು ಬಾಗಿಲು ತೆಗೆದಾಗ ಪರದೆಯ ಕೆಳಗೆ ಅವಳ ಎರಡು ಪಾದ ಕಂಡವು. ಎಳೆದು ತಂದು ಹೊಡೆದೆ. ನಾನು ಅವಳ ಮೇಲೆ ಕೈ ಮಾಡಿದ್ದು ಅದೇ ಮೊದಲು. ಯಾಕೆ ಹೋದೆ, ಅಜ್ಜಿ ಬೀಗದ ಕೈ ಹುಡುಕಿ ಕಿಟಕಿ ತೆಗೆದು ಕೊಡುತ್ತಾರಾ ಅಂತ ಕೇಳಿ ಕೇಳಿ ಹೊಡೆದೆ. ತುಟಿ ಕಚ್ಚಿಕೊಂಡಳೇ ಹೊರತು ಬಾಯಿ ಬಿಡಲಿಲ್ಲ.

ಅತ್ತೆ ನಡುವೆ ಬಂದರು. "ಮಗು ಮೇಲೆ ಯಾಕೆ ತೀರಿಸ್ಕೋತೀಯ, ನನ್ನ ಮೇಲೆ ತಾನೆ ನಿಂಗೆ ಅನುಮಾನ" ಅಂದರು. ನಾನು ಆಡಬಾರದ್ದನ್ನೆಲ್ಲ ಆಡಿದೆ. ಮೊಮ್ಮಗಳ ಮುಖ ಹಾಳು ಮಾಡಿದಿರಿ ಅಂತಲೂ ಅಂದೆ. ಮರುದಿನ ಬೆಳಗ್ಗೆ ಅವರು ತಮ್ಮ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು ನಾದಿನಿಯ ಮನೆಗೆ ಹೊರಟುಹೋದರು. ನಿನ್ನ ಭಾವ ತಾಯಿಯನ್ನು ಬಸ್ಸು ಹತ್ತಿಸಿ ಬಂದವರು ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ.

ಇದೆಲ್ಲಕ್ಕಿಂತ ದೊಡ್ಡದನ್ನು ಕೊನೆಗೆ ಬರೆಯುತ್ತಿದ್ದೇನೆ. ಎಡಗೆನ್ನೆಯಲ್ಲಿ, ಮೂಗಿನ ಪಕ್ಕ, ಒಂದು ಗಂಟು ಎದ್ದಿದೆ. ಕತ್ತರಿಸಿ ತೆಗೆಯಬೇಕಂತೆ. ತೆಗೆದ ಮೇಲೆ ಪರೀಕ್ಷೆಗೆ ಕಳಿಸುತ್ತಾರಂತೆ. ಆಪರೇಷನ್ ದಿನ ನೀನು ಬಂದರೆ ನನಗೆ ಧೈರ್ಯ. ಅವಳು ಮಾವನನ್ನೇ ಕೇಳುತ್ತಿದ್ದಾಳೆ.

ಅಕ್ಕ

*

ಅಕ್ಟೋಬರ್ 3

ನಿನಗೆ,

ನೀನು ಆಪರೇಷನ್‌ಗೂ ಬರಲಿಲ್ಲ, ಕಾಗದವೂ ಬರಲಿಲ್ಲ. ಯಾಕೆಂದು ಈಗ ಗೊತ್ತಾಯಿತು.

ಗಂಟು ತೆಗೆದರು. ಕೆಟ್ಟ ಗಂಟೇ ಅಂತ ಬಂತು, ಆದರೆ ಬೇರು ಉಳಿಯದಂತೆ ತೆಗೆದಿದ್ದೇವೆ ಅನ್ನುತ್ತಾರೆ. ಮೂಗಿನಿಂದ ಕೆನ್ನೆಯವರೆಗೆ ಹೊಲಿಗೆ ಇದೆ. ದಿನವೂ ಹೊಲಿಯುವವಳು ನಾನು, ಆ ಹೊಲಿಗೆಯನ್ನು ನೋಡಲಾರೆ.

ಮನೆಗೆ ಕಳಿಸುವ ಮುಂಚೆ ಒಮ್ಮೆ ಮನೆ ನೋಡಬೇಕು ಅಂತ ಡಾಕ್ಟರಮ್ಮ ಆಸ್ಪತ್ರೆಯ ಒಬ್ಬ ನರ್ಸನ್ನು ಕಳಿಸಿದರು. ಆಕೆಯ ಕೈಯಲ್ಲಿ ಯುವಿ ಅಳೆಯುವ ಸಣ್ಣ ಯಂತ್ರವಿತ್ತು. ಪಡಸಾಲೆಯ ಕಿಟಕಿಯ ಹತ್ತಿರ ಹಿಡಿದರು. ಹುಬ್ಬು ಗಂಟಿಕ್ಕಿತು. ಅಡುಗೆಮನೆಯಲ್ಲಿ ಹಿಡಿದರು, ಮಲಗುವ ಕೋಣೆಯಲ್ಲಿ ಹಿಡಿದರು. ಆಮೇಲೆ ಮನೆಯ ಹೊರಗೆ ಮೆಟ್ಟಿಲ ಪಕ್ಕದ, ಹಾಳೆ ಹಾಕದ ಬರೀ ಗಾಜಿನ ಹತ್ತಿರ ಹಿಡಿದು ನನ್ನನ್ನು ಕರೆದು ತೋರಿಸಿದರು. ಎಲ್ಲ ಕಡೆಯೂ ಒಂದೇ. "ಇದು ಫಿಲ್ಟರ್ ಹಾಳೆ ಅಲ್ಲಮ್ಮ. ಗಾಜು ಒಡೆದ್ರೆ ಚೂರು ಹಾರದೇ ಇರ್ಲಿ ಅಂತ ಅಂಗಡಿಗಳಲ್ಲಿ ಹಾಕ್ತಾರಲ್ಲ, ಆ ಥರದ್ದು ಇರ್ಬೇಕು. ಯಾರು ಹಾಕಿದ್ದು?" ಅಂದರು.

ನಾನು ಏನು ಮಾಡಿದೆ ಗೊತ್ತಾ? ನಿನ್ನ ಪರ ವಾದಿಸಿದೆ. ಯಂತ್ರ ಕೆಟ್ಟಿರಬೇಕು ಅಂದೆ. ನನ್ನ ತಮ್ಮನಿಗೆ ಅಂಗಡಿಯವನು ಮೋಸ ಮಾಡಿರಬೇಕು ಅಂದೆ. ಆಕೆಯ ಮೇಲೆ ರೇಗಿದೆ.

ಸಂಜೆ ಆಸ್ಪತ್ರೆಯಲ್ಲಿ ನಿನ್ನ ಭಾವನಿಗೆ ಇದನ್ನು ಹೇಳುತ್ತಿದ್ದಾಗ ಚಿನಕುರಳಿ ಹಾಸಿಗೆಯಿಂದ ಎದ್ದು ಕೂತಳು. ಹೊಲಿಗೆ ಎಳೆಯುತ್ತದೆಂದು ಬಾಯಿ ಪೂರ್ತಿ ತೆಗೆಯಲು ಬರುವುದಿಲ್ಲ ಅವಳಿಗೆ. "ಮಾವಂಗೆ ಬೈಬೇಡ ಅಮ್ಮ" ಅಂದಳು. "ಇದು ಬಿಸಿಲು ಬರೋ ಕಿಟಕಿ, ಅಮ್ಮಂಗೆ ಹೇಳ್ಬೇಡ, ಬಿಸಿಲು ಬಿದ್ರೆ ನೀನು ಎಲ್ಲಾರ ಥರ ಆಗ್ತೀಯ ಅಂತ ಮಾವ ಹೇಳಿದ್ದ. ನಾನು ಯಾರಿಗೂ ಹೇಳ್ಲಿಲ್ಲ."

ಹೌದು, ಯಾರಿಗೂ ಹೇಳಲಿಲ್ಲ. ನಾನು ಹೊಡೆದಾಗಲೂ ಹೇಳಲಿಲ್ಲ. ಅಜ್ಜಿ ಚೀಲ ಹಿಡಿದು ಮೆಟ್ಟಿಲಿಳಿದಾಗಲೂ ಹೇಳಲಿಲ್ಲ. ನಿನಗೆ ಕೊಟ್ಟ ಮಾತು ಉಳಿಸಿಕೊಂಡಳು. ಎಲ್ಲರಂತೆ ಆಗಬೇಕು ಅಂತ ಎಡಗೆನ್ನೆಯನ್ನು ಗಾಜಿಗೆ ಒತ್ತಿ ಕೂರುತ್ತಿದ್ದಳಂತೆ.

ಏಳು ವರ್ಷದ ಮಗುವಿನ ತಲೆಯ ಮೇಲೆ ನಿನ್ನ ಗುಟ್ಟು ಹೊರಿಸಿ ವ್ಯಾನು ಹತ್ತಿ ಹೋದೆಯಲ್ಲ. ಯಾಕೆ ಅಂತ ಬರೆ. ಸಮಾಧಾನ ಬೇಡ, ಕಾರಣ ಬೇಕು.

*

ಅಕ್ಟೋಬರ್ 10

ಅಕ್ಕಾ,

ಹೇಗೆ ಶುರು ಮಾಡಲಿ ಗೊತ್ತಾಗುತ್ತಿಲ್ಲ.

ಒಳ್ಳೆಯ ಹಾಳೆಯ ಸುರುಳಿ ವ್ಯಾನಿನಲ್ಲೇ ಇತ್ತು. ಅದನ್ನು ಹಾಕಬೇಕು ಅಂತಲೇ ಬಂದಿದ್ದೆ. ಬಂದ ದಿನ ಬಾಗಿಲು ತೆಗೆದಾಗ ಮಗು ನನ್ನ ಮುಖ ನೋಡದೆ ಕೈಯಿಂದ ಮೂಗು ಕಣ್ಣು ಸವರಿ ಮಾವಾ ಅಂದಿತು. ಆ ಕತ್ತಲೆಗೆ ಅಷ್ಟು ಒಗ್ಗಿಹೋಗಿತ್ತು. ನನಗೆ ನಿನ್ನ ಮೇಲೆ ಕೋಪ ಬಂತು ಅಕ್ಕ. ಮಗುವಿಗೆ ಏನೂ ಆಗಿಲ್ಲ, ಆಗಿರುವುದು ನಿನ್ನ ಹೆದರಿಕೆ ಅಂದುಕೊಂಡೆ. ಹಾಳೆ ಹಾಕಿದರೆ ನೀನು ಜನ್ಮವಿಡೀ ಆ ಹಾಳೆಯನ್ನೇ ನಂಬಿ, ಅವಳನ್ನು ಅದರ ಹಿಂದೆಯೇ ಇಡುತ್ತೀಯ ಅನ್ನಿಸಿತು. ಅಂಗಡಿಗಳಿಗೆ ಹಾಕುವ ಬೇರೆ ಹಾಳೆಯನ್ನು ಹಾಕಿ, ಆರು ತಿಂಗಳು ಏನೂ ಆಗದಿದ್ದಾಗ ನಿನ್ನ ಮುಂದೆ ನಿಂತು, ನೋಡು, ಬಿಸಿಲಲ್ಲೇ ಇದ್ದಳು ಅಂತ ಹೇಳಬೇಕು ಅಂತಿದ್ದೆ. ನಿನ್ನ ಎದುರು ವಾದ ಮಾಡಿ ನಾನು ಯಾವತ್ತು ಗೆದ್ದಿದ್ದೇನೆ? ಅದಕ್ಕೇ ಹೇಳದೆ ಗೆಲ್ಲಲು ಹೋದೆ.

ಮಗುವಿಗೆ ಆ ಗುಟ್ಟು ಹೇಳಿದ್ದು ಯಾಕೆಂದರೆ, ಅವಳು ಕಿಟಕಿಯ ಹತ್ತಿರ ಬರಲು ಹೆದರುತ್ತಿದ್ದಳು.

ಜುಲೈಯಲ್ಲಿ ನಿನ್ನ ಕಾಗದ ಬಂದಾಗ ಹೇಳಬೇಕು ಅಂತ ಮೂರು ಸಲ ಬರೆದು ಹರಿದೆ. ಮೇಲೊಂದು ಪದರ ಹಾಕುವ ನೆವದಲ್ಲಿ ಬಂದು ಸರಿಯಾದ ಹಾಳೆ ಕೂರಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡೆ. ಬರಲು ಕಾಲು ಬರಲಿಲ್ಲ. ಅವಳ ಕೆನ್ನೆ ನೋಡಬೇಕಲ್ಲ.

ಆ ಸುರುಳಿಯನ್ನು ಇದರ ಜೊತೆಗೇ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ಯಾವ ಯಂತ್ರದಿಂದ ಬೇಕಾದರೂ ಅಳೆಸು. ಭಾನುವಾರ ನಾನೇ ಬಂದು ಹಾಕುತ್ತೇನೆ. ಭಾವ ಹೊಡೆದರೆ ಹೊಡೆಯಲಿ. ಅತ್ತೆಯವರ ಕಾಲಿಗೆ ಬೀಳುತ್ತೇನೆ. ನನಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡ.

ನಿನ್ನ ತಮ್ಮ

*

ನವೆಂಬರ್ 18

ತಮ್ಮನಿಗೆ,

ಬರಬೇಡ ಅಂತ ತಂತಿಯ ಹಾಗೆ ಒಂದೇ ಪದ ಫೋನಿನಲ್ಲಿ ಹೇಳಿ ಇಟ್ಟಿದ್ದೆ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಿನ್ನ ಸುರುಳಿ ಬಂತು. ನರ್ಸ್ ಒಂದು ತುಂಡು ಅಳೆದು ನೋಡಿದರು, ಒಳ್ಳೆಯ ಮಾಲಂತೆ. ನಾನು ಅದನ್ನು ಆಸ್ಪತ್ರೆಗೇ ಕೊಟ್ಟುಬಿಟ್ಟೆ. ಇಂಥದ್ದೇ ಕಾಯಿಲೆಯ ಇನ್ನೊಂದು ಮಗುವಿದೆ, ಅವರ ಮನೆಗೆ ಆಯಿತು. ನಮ್ಮ ಮನೆಗೆ ಬೇರೆಯವರಿಂದ ಹಾಕಿಸಿದೆವು. ಅದಕ್ಕೂ ಮುಂಚೆ ನಿನ್ನ ಭಾವ ನೀನು ಅಂಟಿಸಿದ್ದನ್ನು ಬ್ಲೇಡು ಹಿಡಿದು ಕೆರೆದು ತೆಗೆದರು. ನೀನು ಎಷ್ಟು ಅಚ್ಚುಕಟ್ಟಾಗಿ ಕೂರಿಸಿದ್ದೆ ಅಂದರೆ ಒಂದು ಕಿಟಕಿಗೆ ಅರ್ಧ ದಿನ ಹಿಡಿಯಿತು.

ಅತ್ತೆಯನ್ನು ಕರೆತರಲು ನಾನೇ ಹೋಗಿದ್ದೆ. ನಾದಿನಿಯ ಮನೆಯ ಬಾಗಿಲಲ್ಲೇ ತಪ್ಪಾಯಿತು ಅಂದೆ. ಅವರು "ನಿನ್ನ ತಮ್ಮನ್ನ ನಾನೂ ಹೊಗಳಿದ್ದೆ ಬಿಡು" ಅಂದರು. ಬಂದರು. ಆದರೆ ಈಗ ಕಿಟಕಿಯ ಹತ್ತಿರ ಹೋಗುವಾಗ ನನ್ನ ಮುಖ ನೋಡಿ ಹೋಗುತ್ತಾರೆ. ಅದು ನಾನು ಮಾಡಿದ ಗಾಯ, ನಿನ್ನದಲ್ಲ.

ಒಂದು ಮಾತನ್ನು ನಿನಗೆ ಹೇಳದೆ ಇರಬಹುದಿತ್ತು. ಆ ಗಂಟು ಈ ಐದು ತಿಂಗಳ ಬಿಸಿಲಿನಿಂದಲೇ ಬಂತು ಅಂತ ಯಾರೂ ಹೇಳಲಾರರಂತೆ. ಕಾಯಿಲೆ ಗೊತ್ತಾಗುವ ಮುಂಚೆ, ನಾನೇ ಅವಳನ್ನು ಬಿಸಿಲಿಗೆ ಬಿಟ್ಟಿದ್ದ ವರ್ಷಗಳೂ ಅದರಲ್ಲಿ ಸೇರಿವೆಯಂತೆ. ಚುಕ್ಕೆಗಳು ಈ ವರ್ಷದವು, ಗಂಟಿನ ಬೀಜ ಹಿಂದಿನದಿರಬಹುದು. ಇದನ್ನು ಯಾಕೆ ಬರೆದೆ ಅಂದರೆ, ನಮ್ಮಿಬ್ಬರಲ್ಲಿ ಒಬ್ಬರಾದರೂ ಇದ್ದದ್ದನ್ನು ಇದ್ದಂತೆ ಹೇಳಬೇಕು. ಇದರಿಂದ ನಿನಗೆ ಸಮಾಧಾನವಾದರೆ ಆಗಲಿ. ನನಗೆ ಆಗಲಿಲ್ಲ.

ನಿನಗೆ ಪ್ರೀತಿ ಇರಲಿಲ್ಲ ಅಂತ ನಾನು ಅಂದುಕೊಂಡಿಲ್ಲ. ಇತ್ತು. ಅದಕ್ಕೇ ತಡೆದುಕೊಳ್ಳಲು ಆಗುತ್ತಿಲ್ಲ. ಯಾರೋ ದಾರಿಹೋಕ ಮಾಡಿದ್ದರೆ ಶಾಪ ಹಾಕಿ ಕೈತೊಳೆದುಕೊಳ್ಳುತ್ತಿದ್ದೆ. ನಿನಗೆ ಅರ್ಥವಾಗದಿದ್ದರೆ ಡಾಕ್ಟರಮ್ಮನನ್ನು ಕೇಳಬಹುದಿತ್ತು. ನನ್ನ ಜೊತೆ ಜಗಳವಾಡಬಹುದಿತ್ತು. ಹಾಳೆ ಹಾಕುವುದಿಲ್ಲ ಅಂತ ವ್ಯಾನು ತಿರುಗಿಸಿಕೊಂಡು ಹೋಗಿದ್ದರೂ ನಾನು ಬೇರೆಯವರನ್ನು ಹುಡುಕುತ್ತಿದ್ದೆ. ನೀನು ಸೋಪಿನ ನೀರು ಚಿಮುಕಿಸಿ, ಗುಳ್ಳೆ ತೆಗೆದು, ಅಂಚು ಒರೆಸಿ, ನಾನು ಕೊಟ್ಟ ಕಾಫಿ ಕುಡಿದು ಹೋದೆ.

ಈಗ ಮಗಳ ವಿಷಯ. ಹೊಸ ಹಾಳೆ ಹಾಕಿದ ದಿನ ನರ್ಸ್ ಬಂದು ಎಲ್ಲ ಕಿಟಕಿ ಅಳೆದರು. ಮುಳ್ಳು ಅಲ್ಲಾಡಲಿಲ್ಲ. ನಾನು ಪರದೆ ಸರಿಸಿ ಚಿನಕುರಳಿಯನ್ನು ಕರೆದೆ. ಬಾಗಿಲ ಸಂದಿಯಲ್ಲಿ ನಿಂತಳು. ಯಂತ್ರವನ್ನು ಅವಳ ಕೈಗೇ ಕೊಟ್ಟರು, ನೀನೇ ನೋಡು ಪುಟ್ಟ ಅಂದರು. ಬಾಗಿಲಲ್ಲೇ ನಿಂತು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು:

"ಅಮ್ಮ, ನಿಂಗೆ ಯಾರಾದ್ರೂ ಗುಟ್ಟು ಹೇಳಿದಾರಾ?"

ಇಲ್ಲ ಅಂದೆ.

"ಹೇಳಿದ್ರೂ ಇಲ್ಲ ಅಂತೀಯ" ಅಂದಳು. "ನಾನೂ ಹಂಗೇ ಅಂದಿದ್ದೆ."

ಒಳಗೆ ಹೋದಳು. ಒಂದು ತಿಂಗಳಾಯಿತು, ಪಡಸಾಲೆಗೆ ಬರುವುದಿಲ್ಲ. ಬಿಸಿಲಿಗೆ ಹೆದರಿ ಅಲ್ಲ, ಅದು ನನಗೆ ಗೊತ್ತಾಗುತ್ತದೆ. ಮನೆ ತುಂಬ ಬೆಳಕಿದೆ, ಅವಳು ಹಿಂದಿನ ಕೋಣೆಯ ಮೂಲೆಯಲ್ಲಿ ಅಜ್ಜಿಯ ಸೀರೆ ಹಿಡಿದು ಕೂತಿರುತ್ತಾಳೆ. ಅವಳ ಲೆಕ್ಕದಲ್ಲಿ ಅಜ್ಜಿ ಒಬ್ಬರೇ ಸುಳ್ಳು ಹೇಳದವರು. ನಾನು ನನ್ನ ಹೊಲಿಗೆ ಯಂತ್ರವನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ಕರೆಯುವುದಿಲ್ಲ. ಸುಮ್ಮನೆ ಅಲ್ಲಿ ಕೂತು ಕೆಲಸ ಮಾಡುತ್ತೇನೆ, ನೋಡಬೇಕು ಅನ್ನಿಸಿದಾಗ ನೋಡಲಿ ಅಂತ.

ಯಾವತ್ತು ಬರಲಿ ಅಂತ ನೀನು ಮತ್ತೆ ಕೇಳುತ್ತೀಯ. ಅದನ್ನು ನಾನು ಹೇಳುವುದಿಲ್ಲ. ನಿನ್ನ ಭಾವನೂ ಹೇಳುವುದಿಲ್ಲ. ಅವಳು ದೊಡ್ಡವಳಾಗಿ, ಕನ್ನಡಿ ನೋಡಿಕೊಂಡು, ಮಾವ ಯಾಕೆ ಹಾಗೆ ಮಾಡಿದ ಅಂತ ನನ್ನನ್ನು ಕೇಳುವ ದಿನ ಬರುತ್ತದೆ. ಆ ದಿನ ನಿನ್ನ ಪರವಾಗಿಯೂ ಉತ್ತರ ಹೇಳುವುದಿಲ್ಲ, ನಿನ್ನ ವಿರುದ್ಧವಾಗಿಯೂ ಹೇಳುವುದಿಲ್ಲ. ನಿನ್ನ ವಿಳಾಸ ಕೊಡುತ್ತೇನೆ.

ಅಲ್ಲಿಯವರೆಗೆ ವಿಳಾಸ ಬದಲಾದರೆ ತಿಳಿಸು. ಬೇರೇನೂ ಬರೆಯಬೇಡ.

ಅಕ್ಕ